ಮೂಲೆಯ ಕಂಪ್ಯೂಟರಿನಲ್ಲಿದ್ದ ದನಿ

ಜೆ.ಪಿ. ನಗರ ೬ನೇ ಹಂತ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ನೀಲಗಂಗಮ್ಮ ಮಿಸ್,

ನೋಡಿ, ಕೊಟ್ಟ ಮಾತು ಉಳಿಸಿಕೊಂಡೆ! ಮದುವೆಯ ದಿನ ಅಕ್ಷತೆ ಹಾಕಿ ನೀವು ನನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆಯಲ್ಲ? "ಫೋನ್ ಮಾಡ್ಬೇಡ ಕಣೇ, ಕಾಗದ ಬರಿ. ನಿಮ್ಮ ಅಂಕಲ್‌ಗೆ ಓದಿ ಹೇಳ್ತೀನಿ, ಹೊತ್ತು ಹೋಗುತ್ತೆ." ಈ ಕಾಲದಲ್ಲಿ ಕಾಗದ ಕೇಳುವವರು ನೀವೊಬ್ಬರೇ ಇರಬೇಕು, ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಗೆರೆ ಹಾಕಿದ ಕಾಗದ, ಕವರು, ಹೊಸ ಪೆನ್ನು ತಂದೆ. ಮಯೂರ್ ಪಕ್ಕದಲ್ಲಿ ಕೂತು ಇಣುಕಿ ನೋಡುತ್ತಿದ್ದಾನೆ. "ನನ್ನ ಬಗ್ಗೆ ಒಳ್ಳೇದು ಬರೀತಿದೀಯಾ ತಾನೆ?" ಅಂತ ಕೇಳುತ್ತಾನೆ. (ಗಂಡನನ್ನು ಅವನು ಇವನು ಅನ್ನುತ್ತಾಳೆ ಎಂದು ಬೈಯಬೇಡಿ, ನಮ್ಮತ್ತೆಯೇ ಬೈದು ಸುಸ್ತಾಗಿ ಬಿಟ್ಟಿದ್ದಾರೆ.)

ಮದುವೆಯಾಗಿ ಇಪ್ಪತ್ತೆಂಟು ದಿನ. ಎಣಿಸುತ್ತಿದ್ದೇನೆ! ಬೆಳಿಗ್ಗೆ ಎದ್ದರೆ ಬಾಲ್ಕನಿಯಲ್ಲಿ ಎರಡು ಲೋಟ ಕಾಫಿ. ಇಷ್ಟು ಸಣ್ಣ ವಿಷಯಕ್ಕೆ ಮನುಷ್ಯರು ಇಷ್ಟು ಸಂತೋಷಪಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ನಮ್ಮ ಶಾಲೆ. ಹೌದು, ನಾನಿನ್ನೂ "ನಮ್ಮ ಶಾಲೆ" ಎಂದೇ ಹೇಳುವುದು. ನೀವು ಪಾಠ ಹೇಳಿದ, ನಾನು ಓದಿದ ಅದೇ ಸುಬ್ರಹ್ಮಣ್ಯಪುರದ ಕಟ್ಟಡದಲ್ಲಿ ಈಗ ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡು ಓಡಾಡುತ್ತೇನೆ. ಬೈಲಪ್ಪ ಸಾರ್ ಸ್ವಂತ ಅಂಗಡಿ ಹಾಕಲು ಬಿಟ್ಟುಹೋದ ಮೇಲೆ ಜೂನ್‌ನಿಂದ ಇಡೀ ಶಾಲೆಯ ಕಂಪ್ಯೂಟರುಗಳು ನನ್ನ ತಲೆಯ ಮೇಲೆ. ಮೊನ್ನೆ ಐದನೇ ಕ್ಲಾಸಿನ ಮಿಸ್ ಅಳುಮುಖದಲ್ಲಿ ಫೋನ್ ಮಾಡಿದರು: "ಅಂಜನಾ, ನನ್ನ ಸಿಸ್ಟಮ್ ಸತ್ತೋಯ್ತು." ಮೂರು ಮಹಡಿ ಓಡಿ ಹೋದರೆ ಮಾನಿಟರಿನ ಸ್ವಿಚ್ ಆಫ್ ಆಗಿತ್ತು! ಮರುದಿನ ಆಫೀಸಿನ ಪ್ರಿಂಟರ್. ಒಳಗೆ ಅರ್ಧ ತಿಂದ ಚಾಕೊಲೇಟು. ಅಟೆಂಡರ್ ಕೊಟ್ರಪ್ಪ ಗಂಭೀರವಾಗಿ ಹೇಳಿದರು: "ಅದುಕ್ಕೂ ಹಸಿವಾಗಿತ್ತೇನೋ ಮೇಡಂ."

ಲ್ಯಾಬಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಬಿಳಿಯದು ಹಳದಿಯಾಗಿದೆ. ಹಗಲು ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ಕೊಟ್ರಪ್ಪ ಅದನ್ನು "ಅಜ್ಜಿ" ಅನ್ನುತ್ತಾರೆ. "ಇದನ್ನು ಆರಿಸಬಾರದು" ಎಂದು ಬೈಲಪ್ಪ ಸಾರ್ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದಾರೆ. ಶುಕ್ರವಾರ ಒಳಗೆ ನೋಡಿದೆ. ಏನಿತ್ತು ಗೊತ್ತಾ? ನೀವು! ಲಾಕ್‌ಡೌನ್‌ನಲ್ಲಿ ಖಾಲಿ ಲ್ಯಾಬಿನಲ್ಲಿ ಕೂತು ನೀವು ರೆಕಾರ್ಡ್ ಮಾಡಿದ ಪಾಠಗಳು, ಅರವತ್ತೊಂದು ಗಂಟೆ! ಒಂದನ್ನು ಹಾಕಿದೆ. "ಎಂಟನೇ ಬಿ, ಯಾರ ಮನೇಲೋ ಒಗ್ಗರಣೆ ಹಾಕ್ತಿದಾರೆ, ನಂಗೂ ಹಸಿವಾಗ್ತಿದೆ, ಮೈಕ್ ಆಫ್ ಮಾಡ್ರೋ!" ಮೂರನೇ ಮಹಡಿಯಿಂದ ಗೇಟಿನ ತನಕ ಕೇಳಿಸುತ್ತಿದ್ದ ಅದೇ ದನಿ. ನಾನೂ ಕೊಟ್ರಪ್ಪನೂ ಬಿದ್ದು ಬಿದ್ದು ನಕ್ಕೆವು.

ಅಂಕಲ್‌ಗೆ ನಮಸ್ಕಾರ ಹೇಳಿ. ಬೇಗ ಉತ್ತರ ಬರೆಯಿರಿ!

ನಿಮ್ಮ ಅಂಜನಾ


ವಿದ್ಯಾನಗರ, ದಾವಣಗೆರೆ
೨೦ ಸೆಪ್ಟೆಂಬರ್ ೨೦೨೫

ಚಿ. ಸೌ. ಅಂಜನಾಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ನನಗೆ, ಒಂದು ಸಲ ಇವರಿಗೆ. ಚಾಕೊಲೇಟಿನ ಜಾಗಕ್ಕೆ ಬಂದಾಗ ಇವರು ನಕ್ಕಿದ್ದು ಪಕ್ಕದಲ್ಲಿರುವ ನನ್ನ ತಂಗಿಯ ಮನೆಯ ತನಕ ಕೇಳಿಸಿತಂತೆ. ಆದರೆ ಒಂದು ದೂರಿದೆ. ನಿನಗೆ ಗೊತ್ತಲ್ಲ, ಇಪ್ಪತ್ತೆಂಟು ವರ್ಷ ಬೆಂಗಳೂರಿನಲ್ಲಿ ಬಸ್ಸು ಓಡಿಸಿದವರು. ಕಣ್ಣು ಹೋಗಿ ಮೂರು ವರ್ಷವಾದರೂ ರಸ್ತೆಗಳು ತಲೆಯಿಂದ ಹೋಗಿಲ್ಲ. "ಇದೇನು ಕಾಗದ ಬರೆಯೋ ರೀತಿನಾ? ಎಲ್ಲಿ ಹತ್ತಿದ್ಲು, ಎಲ್ಲಿ ಇಳಿದ್ಲು ಅಂತ್ಲೇ ಇಲ್ಲ" ಎಂದರು. ಮುಂದಿನ ಸಲ ಮನೆಯಿಂದ ಶಾಲೆಗೆ ಹೋಗುವ ದಾರಿ ಬರಿ.

ನಿನ್ನಿಂದ ಒಂದು ಕೆಲಸವಾಗಬೇಕು. ಮೂಲೆಯ ಕಂಪ್ಯೂಟರಿನಲ್ಲಿ ನನ್ನ ಪಾಠಗಳಿವೆ ಎಂದೆಯಲ್ಲ, ಅವನ್ನು ಯಾವುದಾದರೂ ಡಿಸ್ಕಿಗೆ ಹಾಕಿ ಕಳಿಸಿಕೊಡುತ್ತೀಯಾ? ಶಾಲೆಯ ಆ್ಯಪಿನಲ್ಲಿ ಹಾಕಿದ್ದು ಯಾವಾಗಲೋ ಅಳಿದುಹೋಯಿತು. ನನ್ನ ಹತ್ತಿರವೂ ಇಲ್ಲ. ಅದೊಂದೇ ಕಡೆ ಉಳಿದಿರುವುದು.

ಯಾಕೆ ಎಂದು ಹೇಳಿಬಿಡುತ್ತೇನೆ. ನನ್ನ ಗಂಟಲು ಕೆಲವು ತಿಂಗಳಿಂದ ಸರಿಯಿಲ್ಲ. ಮಾತು ಕಡಿಮೆ ಮಾಡಿ ಎಂದಿದ್ದಾರೆ ಡಾಕ್ಟರು. ಫೋನ್ ಬೇಡ ಎಂದದ್ದು ಅದಕ್ಕೇ. ಇರುವಷ್ಟು ದನಿಯನ್ನು ಇವರಿಗೆ ಪೇಪರ್ ಓದಿ ಹೇಳಲು ಉಳಿಸಿಕೊಂಡಿದ್ದೇನೆ. ನನ್ನ ತಂಗಿಯ ಮಗ ಕೈಲಾಸ್ ಹೇಳುತ್ತಾನೆ, ಒಬ್ಬರ ದನಿ ಹತ್ತಾರು ಗಂಟೆ ಸಿಕ್ಕರೆ ಅದನ್ನು ಕಂಪ್ಯೂಟರಿಗೆ ಕಲಿಸಬಹುದಂತೆ. ಆಮೇಲೆ ನಾನು ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅದು ನನ್ನ ದನಿಯಲ್ಲೇ ಹೇಳುತ್ತದಂತೆ. ನಾನು ಬರೆದು ತೋರಿಸಿದರೆ ಇವರಿಗೆ ಕಾಣುವುದಿಲ್ಲ. ಮಾತೇ ಆಗಬೇಕು.

ಆತುರವಿಲ್ಲ. ದಸರೆ ಮುಗಿದ ಕೂಡಲೇ ಆದರೆ ಒಳ್ಳೆಯದು.

ನೀಲಗಂಗಮ್ಮ


ಜೆ.ಪಿ. ನಗರ
೨೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಿಸ್,

ಖಂಡಿತ ಖಂಡಿತ ಖಂಡಿತ! ಇದು ಒಂದು ಕೆಲಸವಾ? ಒಂದು ಡಿಸ್ಕ್ ಸಿಕ್ಕಿಸಿದರೆ ಒಂದು ಮಧ್ಯಾಹ್ನದಲ್ಲಿ ಕಾಪಿ ಆಗುತ್ತದೆ. ಕೈಲಾಸ್ ಅವರ ಐಡಿಯಾ ಸಖತ್ತಾಗಿದೆ. ಮಯೂರ್‌ಗೆ ಹೇಳಿದರೆ, "ನಿನ್ನ ದನೀನ ಮಾತ್ರ ಕಂಪ್ಯೂಟರಿಗೆ ಕಲಿಸ್ಬೇಡ, ಒಂದೇ ಸಾಕು" ಎಂದ. ದಿಂಬಿನಲ್ಲಿ ಹೊಡೆದೆ.

ಗಂಟಲಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ ಮಿಸ್. ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಗಂಟಲು, ಕೈಕೊಡದೆ ಇರುತ್ತದಾ? ನಮ್ಮತ್ತೆಯೂ ಟೀಚರ್ ಆಗಿದ್ದವರು, ಅವರಿಗೂ ಹೀಗೇ ಆಗಿತ್ತು. ಕಷಾಯ ಕುಡಿದು ಸರಿಹೋದರು.

ಅಂಕಲ್, ಇದು ನಿಮಗೆ: ಮನೆಯಿಂದ ಸಾರಕ್ಕಿ ಸಿಗ್ನಲ್ ತನಕ ನಡಿಗೆ. ಅಲ್ಲಿಂದ ಬನಶಂಕರಿ ಬಸ್ ನಿಲ್ದಾಣ. ಅಲ್ಲಿ ಬಸ್ ಬದಲಿಸಿ, ಕದಿರೇನಹಳ್ಳಿ ದಾಟಿ, ಉತ್ತರಹಳ್ಳಿ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಂತಲ್ಲೇ ನಿಂತು, ಕೊನೆಗೆ ಸುಬ್ರಹ್ಮಣ್ಯಪುರ. ಡ್ರೈವರಣ್ಣ ದಿನಾ ಒಂದೇ ಮಾತು ಹೇಳುತ್ತಾರೆ: "ಇಳಿದು ನಡೆಯೋರು ನಡೀರಪ್ಪಾ, ನನಗಿಂತ ಮುಂಚೆ ಹೋಗ್ತೀರಾ."

ಇವತ್ತೇ ಕಾಪಿ ಮಾಡೋಣವೆಂದಿದ್ದೆ, ಆದರೆ ಮಯೂರ್ ಗುಟ್ಟಾಗಿ ಗೋಕರ್ಣಕ್ಕೆ ಟಿಕೆಟ್ ಮಾಡಿಸಿಬಿಟ್ಟಿದ್ದಾನೆ! ಈಗ ಅರ್ಧ ಗಂಟೆಯಲ್ಲಿ ಹೊರಡಬೇಕು, ಬ್ಯಾಗ್ ಇನ್ನೂ ತುಂಬಿಲ್ಲ! ಮೂರು ದಿನ, ಸಮುದ್ರ! ಬಂದ ಮೇಲೆ ಆಯುಧಪೂಜೆ. ರಜೆಯಲ್ಲೇ ನಮ್ಮ ಕೆಲಸ ನೋಡಿ, ಮೂವತ್ತಾರು ಸಿಸ್ಟಮ್ ಬಿಚ್ಚಿ ಧೂಳು ಹೊಡೆಯಬೇಕು. ಪೂಜೆ ಮುಗಿದ ಮರುದಿನ ಮೊದಲ ಕೆಲಸ ನಿಮ್ಮದೇ. ಪ್ರಾಮಿಸ್.

ನಿಮ್ಮ ಅಂಜನಾ


(ಬರೆದು, ಕಳಿಸದೆ ಇಟ್ಟುಕೊಂಡದ್ದು)

೨ ಅಕ್ಟೋಬರ್ ೨೦೨೫

ಮಿಸ್,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಪೂಜೆ. ಎಲ್ಲ ಸಿಸ್ಟಮ್ ಆರಿಸಿ, ಒರೆಸಿ, ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದೆವು. ಮೂಲೆಯದೊಂದು ಮಾತ್ರ ಗುಂಯ್ ಎನ್ನುತ್ತಿತ್ತು. ಕೊಟ್ರಪ್ಪ ಕೇಳಿದರು, "ಇವತ್ತು ಎಲ್ಲಾ ಆಯುಧಕ್ಕೂ ವಿಶ್ರಾಂತಿ ಮೇಡಂ. ಅಜ್ಜಿಗೆ ಮಾತ್ರ ಯಾಕಿಲ್ಲ?" ಬೈಲಪ್ಪ ಸಾರ್ ಅದನ್ನು ಆರಿಸದೆ ಹಾಗೇ ಕುಂಕುಮ ಇಡುತ್ತಿದ್ದರಂತೆ. ತೀರ್ಥ ಪ್ರೋಕ್ಷಣೆ ಮಾಡುವಾಗ ಕರೆಂಟ್ ಹರಿಯುತ್ತಿದ್ದರೆ ಅಪಾಯ ಎಂದು ನನಗನ್ನಿಸಿತು. ರಟ್ಟನ್ನು ನಾನೇ ತೆಗೆದು ಪಕ್ಕಕ್ಕಿಟ್ಟೆ. ನಾನೇ ಆರಿಸಿದೆ. ಹಾರ ಹಾಕಿ ಫೋಟೋ ಹೊಡೆದು ಮಯೂರ್‌ಗೆ ಕಳಿಸಿದೆ.

ಇವತ್ತು ಬೆಳಿಗ್ಗೆ ಹಾಕಿದರೆ ಬರುತ್ತಿಲ್ಲ. ಒಳಗಿನಿಂದ ಟಕ್, ಟಕ್, ಟಕ್. ಅಷ್ಟೇ. ಬೈಲಪ್ಪ ಸಾರ್‌ಗೆ ಫೋನ್ ಮಾಡಿದೆ. "ಅಯ್ಯೋ ಅಂಜನಾ, ಆ ಡಿಸ್ಕು ಆರು ವರ್ಷದಿಂದ ನಿಂತೇ ಇಲ್ವಲ್ಲಮ್ಮ. ಒಂದ್ಸಲ ನಿಂತು ತಣ್ಣಗಾದ್ರೆ ಮತ್ತೆ ತಿರುಗಲ್ಲ. ಹ್ಯಾಂಡೋವರ್ ಲಿಸ್ಟಲ್ಲಿ ಬರ್ದಿದ್ನಲ್ಲ, ಆರಿಸೋಕ್ಮುಂಚೆ ಬ್ಯಾಕಪ್ ತೆಗೀರಿ ಅಂತ?"

ಲಿಸ್ಟ್ ತೆಗೆದು ನೋಡಿದೆ. ಎರಡನೇ ಪುಟದಲ್ಲಿ ನಾಲ್ಕನೇ ಸಾಲು. ಮೊದಲ ಪುಟದ ಕೆಳಗೆ ನನ್ನ ಸಹಿ. ಸಹಿ ಹಾಕಿದ ದಿನ ಸಂಜೆ ಮದುವೆಗೆ ಸೀರೆ ತೆಗೆಯಲು ಹೋಗುವುದಿತ್ತು. ಎರಡನೇ ಪುಟ ತಿರುಗಿಸಿರಲೇ ಇಲ್ಲ.

ಮಿಸ್, ನಿಮ್ಮ ಪಾಠಗಳು


ಜೆ.ಪಿ. ನಗರ
೫ ಅಕ್ಟೋಬರ್ ೨೦೨೫

ಪ್ರೀತಿಯ ಮಿಸ್,

ಆಯುಧಪೂಜೆ ತುಂಬಾ ಚೆನ್ನಾಗಿ ಆಯಿತು! ಲ್ಯಾಬೆಲ್ಲ ಸೇವಂತಿಗೆ ಘಮ. ಡ್ರೈವರಣ್ಣಂದಿರು ಶಾಲಾ ಬಸ್ಸುಗಳಿಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾರ್ನ್ ಹೊಡೆದದ್ದೇ ಹೊಡೆದದ್ದು. ಅಂಕಲ್ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು!

ನಿಮ್ಮ ಪಾಠಗಳ ಕಾಪಿ ಶುರುವಾಗಿದೆ. ಹಳೆಯ ಕಂಪ್ಯೂಟರ್ ಅಲ್ಲವಾ, ಸ್ವಲ್ಪ ನಿಧಾನ. ನೀವು ಚಿಂತೆ ಮಾಡಬೇಡಿ.

ಗೋಕರ್ಣ ಚೆನ್ನಾಗಿತ್ತು. ಬಿಸಿಲು ಜಾಸ್ತಿ ಇತ್ತು.

ನಿಮ್ಮ ಅಂಜನಾ


ದಾವಣಗೆರೆ
೧೦ ಅಕ್ಟೋಬರ್ ೨೦೨೫

ಚಿ. ಸೌ. ಅಂಜನಾಗೆ,

ನಿನ್ನ ಕಾಗದ ಈ ಸಲ ಚಿಕ್ಕದಾಯಿತು ಎಂದು ಇವರಿಗೆ ಬೇಸರ. "ಹುಡುಗಿಗೆ ಸಂಸಾರದ ಕೆಲಸ ಶುರುವಾಗಿರ್ಬೇಕು ಬಿಡು" ಎಂದು ತಾವೇ ಸಮಾಧಾನ ಮಾಡಿಕೊಂಡರು. ಹಾರ್ನಿನ ಸಾಲನ್ನು ಮಾತ್ರ ಮೂರು ಸಲ ಓದಿಸಿಕೊಂಡರು.

ನನ್ನ ಗಂಟಲಿಗೆ ಒಂದು ಆಪರೇಷನ್ ಎಂದಿದ್ದಾರೆ. ಈ ತಿಂಗಳ ಇಪ್ಪತ್ತೊಂಬತ್ತಕ್ಕೆ. ಗಡ್ಡೆಯಂಥದ್ದು ಏನೋ ಇದೆ, ತೆಗೆಯುತ್ತಾರೆ. ನೀನು ಗಾಬರಿಯಾಗಬೇಡ.

ಕೈಲಾಸ್ ದಿನಾ ಮೈಕ್ ಹಿಡಿದುಕೊಂಡು ಬರುತ್ತಾನೆ. "ದೊಡ್ಡಮ್ಮ, ಹಳೇದು ಬರೋದು ಬರ್ಲಿ, ಈಗಿನ ದನೀಲೇ ದಿನಕ್ಕೊಂದು ಗಂಟೆ ಓದಿಬಿಡು" ಎನ್ನುತ್ತಾನೆ. ನಾನು ಒಪ್ಪಲಿಲ್ಲ. ಈಗಿನದು ತಗಡು ಕೆರೆದ ಹಾಗಿದೆ. ಇವರು ಮುಂದೆ ಕೇಳುವುದಾದರೆ ನಾನು ಚೆನ್ನಾಗಿದ್ದಾಗಿನದನ್ನು ಕೇಳಲಿ ಎಂದು ನನ್ನಾಸೆ. ಸ್ವಲ್ಪ ಜಂಬ ಎಂದೇ ಇಟ್ಟುಕೋ. "ಅಂಜನಾ ಕಳಿಸ್ತಿದಾಳೆ, ನಿನ್ನ ಮೈಕ್ ಒಳಗಿಡು" ಎಂದು ಅವನನ್ನು ಓಡಿಸಿದೆ.

ಜ್ಯೇಷ್ಠಮಧು ತರಿಸಿದೆ. ಒಳ್ಳೆಯದಿದೆ.

ನೀಲಗಂಗಮ್ಮ


ಜೆ.ಪಿ. ನಗರ
೧೬ ಅಕ್ಟೋಬರ್ ೨೦೨೫

ಪ್ರೀತಿಯ ಮಿಸ್,

ಆಪರೇಷನ್ ಎಂದು ಓದಿ ಗಾಬರಿಯಾಗಿತ್ತು. ಮಯೂರ್ ಹೇಳಿದ, ಅವನ ಸೋದರಮಾವನಿಗೂ ಗಂಟಲಲ್ಲಿ ಗಡ್ಡೆ ತೆಗೆದಿದ್ದರಂತೆ, ತಿಂಗಳೊಳಗೆ ಮೊದಲಿನ ಹಾಗೇ ಮಾತಾಡಿದರಂತೆ. ನೀವೂ ಹಾಗೇ ಆಗುತ್ತೀರಿ! ಆಮೇಲೆ ಈ ಕಂಪ್ಯೂಟರ್ ದನಿಯೇ ಬೇಕಾಗುವುದಿಲ್ಲ ನೋಡುತ್ತಿರಿ!

ಕಾಪಿ ಮುಕ್ಕಾಲು ಪಾಲು ಆಗಿದೆ. ಒಂದೆರಡು ಫೈಲುಗಳು ತೊಂದರೆ ಕೊಡುತ್ತಿವೆ, ಸರಿ ಮಾಡಿಸುತ್ತಿದ್ದೇನೆ. ಇದು ನಮ್ಮ ಮೊದಲ ದೀಪಾವಳಿ, ಅಳಿಯನನ್ನು ಕರೆಯಲು ಅಪ್ಪ ತುಮಕೂರಿನಿಂದ ತಾವೇ ಬಂದಿದ್ದಾರೆ! ಹಬ್ಬ ಮುಗಿಸಿ ಇಪ್ಪತ್ತೈದಕ್ಕೆ ವಾಪಸ್. ಬಂದ ಕೂಡಲೇ ಕೊರಿಯರ್ ಮಾಡುತ್ತೇನೆ.

ನಿಮಗೆ, ಅಂಕಲ್‌ಗೆ ದೀಪಾವಳಿಯ ಶುಭಾಶಯಗಳು!

ಅಂಜನಾ


ದಾವಣಗೆರೆ
೨೩ ಅಕ್ಟೋಬರ್ ೨೦೨೫

ಅಂಜನಾ,

ಹಬ್ಬದ ಮನೆಯಿಂದ ಬಂದ ಕೂಡಲೇ ಇದನ್ನು ಓದುತ್ತೀ ಎಂದುಕೊಂಡಿದ್ದೇನೆ.

ಮೊದಲೇ ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತಿದ್ದೇನೆ. ಇದು ನಿನ್ನ ಮಯೂರನ ಸೋದರಮಾವನಿಗೆ ಆದಂಥದ್ದಲ್ಲ. ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯುತ್ತಾರೆ. ಇಪ್ಪತ್ತೊಂಬತ್ತರ ಮೇಲೆ ನನಗೆ ಮಾತಿರುವುದಿಲ್ಲ. ನಿನ್ನ ಮದುವೆಗೆ ಬಂದಾಗಲೇ ಗೊತ್ತಿತ್ತು. ಮದುಮಗಳ ಕಿವಿಯಲ್ಲಿ ಹೇಳುವ ಮಾತಲ್ಲವೆಂದು ಕಾಗದ ಬರಿ ಎಂದಷ್ಟೇ ಹೇಳಿದೆ. ನಿನ್ನ ಕಾಗದಗಳಲ್ಲಿ ಅಷ್ಟು ಸಂತೋಷವಿತ್ತು, ಅದರ ಮೇಲೆ ಇದನ್ನು ಸುರಿಯಲು ಮನಸ್ಸು ಬರಲಿಲ್ಲ.

ಡಿಸ್ಕ್ ಇನ್ನೂ ಬಂದಿಲ್ಲ. ಏನಾದರೂ ತೊಂದರೆಯಿದ್ದರೆ ಈಗಲೇ ಹೇಳು, ಕೈಲಾಸನಿಗೆ ಒಂದು ಫೋನ್ ಮಾಡಿದರೂ ಸಾಕು. ನಂಬರ್ ಕೆಳಗಿದೆ. ಕಾಗದ ನಿನಗೆ ಸೋಮವಾರ ಸಿಕ್ಕಿದರೂ ಮಂಗಳವಾರ ಇಡೀ ದಿನ ಇದೆ. ತಗಡಿನ ದನಿಯಾದರೂ ಸರಿ, ಕೂತು ಓದಿಬಿಡುತ್ತೇನೆ. ನಾಲ್ಕೈದು ಗಂಟೆಯಾದರೂ ಸಿಕ್ಕರೆ ಹೇಗೋ ಮಾಡುತ್ತೇನೆ ಎನ್ನುತ್ತಾನೆ ಕೈಲಾಸ್.

ನಿನ್ನಿಂದ ಏನೂ ಸುದ್ದಿ ಬರದಿದ್ದರೆ ಎಲ್ಲ ಸರಿಯಿದೆ, ಡಿಸ್ಕ್ ದಾರಿಯಲ್ಲಿದೆ ಎಂದುಕೊಳ್ಳುತ್ತೇನೆ. ಡಾಕ್ಟರು ಮಾತು ಪೂರಾ ನಿಲ್ಲಿಸಲು ಹೇಳಿದ್ದಾರೆ. ಅಗತ್ಯವಿಲ್ಲದೆ ಓದುತ್ತೇನೆಂದು ನಾನು ಹಠ ಮಾಡುವುದು ಬೇಡ.

ನೀಲಗಂಗಮ್ಮ


ಜೆ.ಪಿ. ನಗರ
೩೦ ಅಕ್ಟೋಬರ್ ೨೦೨೫

ಮಿಸ್,

ನಿಮ್ಮ ಪಾಠಗಳು ಇಲ್ಲ. ಅಕ್ಟೋಬರ್ ಎರಡರಿಂದಲೂ ಇಲ್ಲ. ಆ ದಿನ ನಿಮಗೆ ಬರೆದು ಕಳಿಸದೆ ಬೀರುವಿನಲ್ಲಿಟ್ಟಿದ್ದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಹೇಗೆ ಹೋಯಿತು ಎಂಬುದು ಅದರಲ್ಲಿದೆ.

ಆಮೇಲಿನದ್ದನ್ನು ಇಲ್ಲಿ ಬರೆಯುತ್ತೇನೆ. ಮೂರನೇ ತಾರೀಕು ಡಿಸ್ಕನ್ನು ಎಸ್.ಪಿ. ರಸ್ತೆಯಲ್ಲಿ ರಿಕವರಿ ಮಾಡುವವರ ಹತ್ತಿರ ಒಯ್ದೆ. ಹನ್ನೆರಡು ದಿನ ಇಟ್ಟುಕೊಂಡು, ಬಿಚ್ಚಿ ನೋಡಿ, "ತಟ್ಟೆ ಮೇಲೆಲ್ಲಾ ಗೀರು ಬಿದ್ದಿದೆ ಮೇಡಂ, ಏನೂ ಬರಲ್ಲ" ಎಂದರು. ಅದು ಹದಿನೈದನೇ ತಾರೀಕು. ಮುಕ್ಕಾಲು ಪಾಲು ಆಗಿದೆ ಎಂದು ನಿಮಗೆ ಬರೆದದ್ದು ಅದರ ಮರುದಿನ. ಐದರಂದು ಸುಳ್ಳು ಬರೆಯುವಾಗ ಡಿಸ್ಕ್ ಬದುಕೀತು ಎಂಬ ಆಸೆಯಾದರೂ ಇತ್ತು. ಹದಿನಾರರಂದು ಅದೂ ಇರಲಿಲ್ಲ. ನಿಮಗೆ ನನ್ನ ಮೇಲಿದ್ದ ಒಳ್ಳೆಯ ಅಭಿಪ್ರಾಯ ಹಬ್ಬ ಮುಗಿಯುವ ತನಕ ಉಳಿಯಲಿ ಎಂದು ಬರೆದೆ. ಬೇರೆ ಕಾರಣವಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ಇಪ್ಪತ್ತಮೂರರ ಕಾಗದ ಸೋಮವಾರವೇ ಬಂತು. ಕವರಿನ ಮೇಲೆ ನಿಮ್ಮ ಅಕ್ಷರ ನೋಡಿ ಡಿಸ್ಕ್ ಕೇಳಿರುತ್ತೀರಿ ಎಂದು ಗೊತ್ತಾಯಿತು. ತೆರೆಯಲಿಲ್ಲ. ಫ್ರಿಜ್ಜಿನ ಮೇಲಿಟ್ಟೆ. ಮಂಗಳವಾರ ಅದರ ಮುಂದೆ ಓಡಾಡಿದೆ. ಬುಧವಾರ ಅದರ ಮೇಲೆ ದಿನಪತ್ರಿಕೆ ಇಟ್ಟೆ. ಇವತ್ತು ಬೆಳಿಗ್ಗೆ ಮಯೂರ್ ಅದನ್ನು ತಂದು ಕೈಗೆ ಕೊಟ್ಟು, "ಮಿಸ್ ಕಾಗದ ಬಂದಿದೆ, ಓದೇ ಇಲ್ವಲ್ಲೇ?" ಎಂದ. ತೆರೆದಾಗ ನಿಮ್ಮ ಆಪರೇಷನ್ ಮುಗಿದು ಒಂದು ದಿನವಾಗಿತ್ತು.

ಡಿಸ್ಕ್ ಕೆಟ್ಟದ್ದು ನನ್ನ ಅಜಾಗರೂಕತೆ. ಆದರೆ ನಿಮ್ಮ ದನಿ ಹೋದದ್ದು ಅದರಿಂದಲ್ಲ. ಎರಡನೇ ತಾರೀಕು ನಿಜ ಹೇಳಿದ್ದರೆ ಇಪ್ಪತ್ತಾರು ದಿನವಿತ್ತು. ಸೋಮವಾರ ಕವರ್ ಹರಿದಿದ್ದರೂ ಒಂದು ದಿನವಿತ್ತು. ನೀವು ಗಂಟಲು ಸರಿಯಿಲ್ಲದಿದ್ದರೂ ಓದುತ್ತಿದ್ದಿರಿ. ನಾನು ಕಳಿಸುತ್ತೇನೆ ಎಂದು ನಂಬಿ ಓದಲಿಲ್ಲ.

ಶಾಲೆಯಲ್ಲಿ ಪ್ರಿನ್ಸಿಪಾಲರಿಗೆ ಹೇಳಿದೆ. "ಹಳೇ ಲಾಕ್‌ಡೌನ್ ವಿಡಿಯೊ ತಾನೆ, ಹೋಗ್ಲಿ ಬಿಡಿ" ಎಂದರು. ಬೈಲಪ್ಪ ಸಾರ್ ಬೈಯಲಿಲ್ಲ. ಕೊಟ್ರಪ್ಪ ತಾನೇ ಕೇಳಿದ್ದರಿಂದ ಹೀಗಾಯಿತೆಂದು ಕಣ್ಣೊರೆಸಿಕೊಳ್ಳುತ್ತಾರೆ. ಅವರ ತಪ್ಪಲ್ಲವೆಂದು ಅವರಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಇವತ್ತಿಡೀ ಫೋನ್ ಮಾಡಿದೆ. ನೀವು ಅವರ ಕ್ಲಾಸಿನ ಗುಂಪಿಗೆ ಕಳಿಸಿದ್ದ ನಾಲ್ಕು ವಾಯ್ಸ್ ಮೆಸೇಜ್ ಸಿಕ್ಕಿವೆ. ಒಟ್ಟು ಮೂರೂವರೆ ನಿಮಿಷ. ಪೆನ್‌ಡ್ರೈವಿನಲ್ಲಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಇದು ಸಾಲುವುದಿಲ್ಲವೆಂದು ಗೊತ್ತು. ಸಂಜೆ ಕೈಲಾಸ್ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ದೊಡ್ಡಮ್ಮ ಐಸಿಯುನಲ್ಲಿದ್ದಾರೆ, ನೀವೇ ಬರೆದು ತಿಳಿಸಿ" ಎಂದು ಇಟ್ಟುಬಿಟ್ಟರು.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ಅಂಜನಾ


ದಾವಣಗೆರೆ
೧೫ ನವೆಂಬರ್ ೨೦೨೫

ಅಂಜನಾ,

ನಾಲ್ಕು ದಿನದ ಹಿಂದೆ ಮನೆಗೆ ಬಂದೆ. ಕೂತು ಬರೆಯುವಷ್ಟು ಶಕ್ತಿ ಇವತ್ತು ಬಂದಿದೆ. ನಿನ್ನ ಕಾಗದವನ್ನು ಆಸ್ಪತ್ರೆಯಲ್ಲೇ ಓದಿದೆ. ಪಕ್ಕದಲ್ಲಿ ಇವರು ಕೂತಿದ್ದರು. ಕಾಗದ ಬಿಚ್ಚಿದ ಸದ್ದು ಕೇಳಿ, "ಆ ಹುಡುಗೀದಾ? ಏನ್ ಬರ್ದಿದಾಳೆ?" ಎಂದರು. ಈ ಸಲ ಓದಿ ಹೇಳಲು ಆಗಲಿಲ್ಲ.

ಸಿಟ್ಟು ಬಂತು. ಬರಲಿಲ್ಲವೆಂದು ಬರೆದರೆ ನಾನೂ ನಿನ್ನ ಹಾಗೆ ಸುಳ್ಳು ಬರೆದಂತಾಗುತ್ತದೆ. ಡಿಸ್ಕಿಗಾಗಿ ಅಲ್ಲ. ಯಂತ್ರ, ಕೆಡುತ್ತದೆ. ಫ್ರಿಜ್ಜಿನ ಮೇಲಿನ ಕಾಗದಕ್ಕೆ ಬಂತು. ಆ ಮಂಗಳವಾರ ನಾನು ಇಡೀ ದಿನ ಒಂದೂ ಮಾತಾಡದೆ ಗಂಟಲು ಉಳಿಸಿಕೊಂಡು ಕೂತಿದ್ದೆ. ರಾತ್ರಿ ಮಲಗುವಾಗ ಇವರಿಗೆ ಎರಡು ಮಾತು ಹೇಳಿದೆ. ಉಳಿಸಿಕೊಂಡದ್ದರಲ್ಲಿ ಖರ್ಚಾದದ್ದು ಅಷ್ಟೇ.

ನಾನೂ ಮುಚ್ಚಿಟ್ಟೆ, ನಿಜ. ಆತುರವಿಲ್ಲ ಎಂದು ನಾನೇ ಬರೆದಿದ್ದೆ. ಅದನ್ನು ನಿನ್ನ ಲೆಕ್ಕಕ್ಕೆ ಹಾಕುವುದಿಲ್ಲ.

ಈಗ ನಮ್ಮ ಮನೆ ಹೇಗೆ ನಡೆಯುತ್ತಿದೆ ಕೇಳು. ಇವರು ಪ್ರಶ್ನೆ ಕೇಳುತ್ತಾರೆ, ನಾನು ಇವರ ಕೈಯ ಮೇಲೆ ತಟ್ಟುತ್ತೇನೆ. ಒಂದು ಸಲ ಎಂದರೆ ಹೌದು, ಎರಡು ಸಲ ಎಂದರೆ ಇಲ್ಲ. "ಬೆಳಗಾಯ್ತಾ?" ಒಂದು. "ಮಾತ್ರೆ ತಗೊಂಡ್ಯಾ?" ಒಂದು. "ನೋವಿದೆಯಾ?" ಎರಡು. ಇಲ್ಲಿ ನಾನೂ ಸುಳ್ಳು ಹೇಳುತ್ತೇನೆ. ಕೈಲಾಸ್ ಫೋನಿನಲ್ಲಿ ರೆಡಿಮೇಡ್ ದನಿಯೊಂದನ್ನು ಹಾಕಿಕೊಟ್ಟಿದ್ದಾನೆ. ಟೈಪ್ ಮಾಡಿದರೆ ಯಾರೋ ಒಬ್ಬಳು ರೈಲ್ವೆ ಸ್ಟೇಷನ್ನಿನಲ್ಲಿ ಹೇಳುವ ಹಾಗೆ "ಊಟ ಮಾಡಿರಿ" ಎನ್ನುತ್ತಾಳೆ. ಮೊದಲ ದಿನವೇ ಇವರು, "ಯಾರಮ್ಮ ನೀನು? ನನ್ನ ಹೆಂಡ್ತೀನ ಕರಿ" ಎಂದು ಆ ಕಡೆ ಮುಖ ತಿರುಗಿಸಿದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗಿನ್ನೂ ತಿಳಿದಿಲ್ಲ. ಅದನ್ನು ಮತ್ತೆ ಹಾಕಿಲ್ಲ.

ದಿನಾ ಬೆಳಿಗ್ಗೆ ಇವರು ಕೇಳುವ ಇನ್ನೊಂದು ಪ್ರಶ್ನೆಯಿದೆ. "ಆ ಹುಡುಗಿ ಡಿಸ್ಕ್ ಬಂತಾ?" ಎರಡು ಸಲ ತಟ್ಟುತ್ತೇನೆ. "ಬರುತ್ತಾ?" ಎನ್ನುತ್ತಾರೆ. ಅದಕ್ಕೆ ನನ್ನ ಕೈ ಏಳುವುದಿಲ್ಲ. ಹಾಗೇ ಅವರ ಕೈಯ ಮೇಲೆ ಇಟ್ಟಿರುತ್ತೇನೆ. ಅದನ್ನೇ ಒಂದು ಸಲ ಎಂದು ಎಣಿಸಿಕೊಂಡು, "ಬರುತ್ತೆ ಬಿಡು, ಆ ಹುಡುಗಿ ಹೇಳಿದ್ಮೇಲೆ ಕಳಿಸ್ತಾಳೆ" ಎನ್ನುತ್ತಾರೆ. ನಿನ್ನ ಮೂರೂವರೆ ನಿಮಿಷವನ್ನು ಅದಕ್ಕೇ ಕೇಳಿಸಿಲ್ಲ. ಕೇಳಿಸಿದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತಿದೆ ಎಂದುಕೊಳ್ಳುತ್ತಾರೆ.

ಕೈಲಾಸನ ಬಾಯಲ್ಲಿ ಹೇಳಿಸಬಹುದು. ಆ ರೈಲ್ವೆ ಸ್ಟೇಷನ್ನಿನವಳ ಬಾಯಲ್ಲೂ ಹೇಳಿಸಬಹುದು. ಆದರೆ ಏನಾಯಿತು ಎಂಬುದನ್ನು ಬಲ್ಲವಳು ನೀನು. ಹೇಳಲು ದನಿಯೂ ನಿನಗಿದೆ. ಬಾ. ಇವರ ಎದುರು ಕೂತು, ಹಾರ ಹಾಕಿದ್ದರಿಂದ ಹಿಡಿದು ಫ್ರಿಜ್ಜಿನ ಮೇಲಿಟ್ಟ ತನಕ ನೀನೇ ಹೇಳು. ನನ್ನನ್ನು ನೋಡಬೇಡ, ನಾನು ಮಧ್ಯೆ ಬಂದು ಸಹಾಯ ಮಾಡಲಾರೆ. ಇವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಗೊತ್ತಿಲ್ಲ.

ನೀನು ಬರದಿದ್ದರೆ ನಾನು ಮತ್ತೆ ಬರೆಯುವುದಿಲ್ಲ.

ನೀಲಗಂಗಮ್ಮ


ಜೆ.ಪಿ. ನಗರ
೧೯ ನವೆಂಬರ್ ೨೦೨೫

ಮಿಸ್,

ನಿಮ್ಮ ಕಾಗದ ಇವತ್ತು ಬಂತು. ಬಾಗಿಲಲ್ಲೇ ನಿಂತು ತೆರೆದೆ.

ಶನಿವಾರ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಹನ್ನೊಂದರ ಹೊತ್ತಿಗೆ ದಾವಣಗೆರೆಯಲ್ಲಿ ಇಳಿಯುತ್ತೇನೆ. ಸ್ಟೇಷನ್ನಿಗೆ ಕೈಲಾಸ್ ಬರುವುದು ಬೇಡ, ವಿದ್ಯಾನಗರಕ್ಕೆ ಆಟೋ ಹಿಡಿಯುತ್ತೇನೆ.

ಮಯೂರ್, "ನಾನೂ ಬರ್ತೀನಿ. ನೀನು ಸುಮ್ನೆ ಕೂತ್ಕೋ, ನಾನು ಮಾತಾಡ್ತೀನಿ. ನೀನಾದ್ರೆ ಅತ್ತುಬಿಡ್ತೀಯ" ಎಂದ. ಬೇಡವೆಂದೆ. ಅತ್ತರೆ ಅಂಕಲ್ ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತಾರೆ, ಹೇಳಬೇಕಾದದ್ದು ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಅಳುವುದಿಲ್ಲ. ಕಾಗದ ಓದಿದಾಗಿನಿಂದ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೇಳಿ ನೋಡುತ್ತಿದ್ದೇನೆ. ಅವರು ನಡುವೆ ಏನಾದರೂ ಕೇಳಿದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ. ಬೈದರೆ ಕೂತು ಕೇಳಿಸಿಕೊಳ್ಳುತ್ತೇನೆ.

ನಾನು ಬಂದಾಗ ಬಾಗಿಲು ತೆರೆಯುವುದು ನೀವೇ ಆಗಿರುತ್ತೀರಿ. ಒಳಗಿನಿಂದ ಅವರು "ಯಾರು ಬಂದದ್ದು?" ಎಂದು ಕೇಳುತ್ತಾರೆ. ನಾನೇ ಹೇಳುತ್ತೇನೆ.

ಆಮೇಲಿನದ್ದನ್ನೂ ನಾನೇ ಹೇಳುತ್ತೇನೆ. ಅದೆಲ್ಲ ಮುಗಿಯುವ ತನಕ ಕಾಫಿಗೆ ಇಡಬೇಡಿ.

ಅಂಜನಾ